ರೇಡಿಯೋ ಕಾಕಾನ ಜಾಗ

ದಾಂಡೇಲಿ, ೧೪ ಜೂನ್ ೧೯೬೩, ಶುಕ್ರವಾರ

ನಿನ್ನೆ ಸಂಜೆ ಮಿರಜಿನ ದವಾಖಾನೆಯಿಂದ ಬಂದು ಅಕ್ಕನ ಮನೆ ಸೇರಿದೆ. ಗಂಟಲಲ್ಲಿದ್ದ ಗಂಟನ್ನು ತೆಗೆದಿದ್ದಾರೆ. ಜೋಳದ ಕಾಳಿನಷ್ಟೂ ಇರಲಿಲ್ಲವಂತೆ. ಅಷ್ಟು ಸಣ್ಣದು ನನ್ನ ಬಾಯಿ ಮುಚ್ಚಿಸಿತು. ಎರಡು ತಿಂಗಳು ಒಂದು ಮಾತೂ ಆಡಕೂಡದು, ಪಿಸುಗುಟ್ಟಕೂಡದು ಎಂದು ಡಾಕ್ಟರ ಆಜ್ಞೆ. ಕೆಮ್ಮು ಬಂದರೆ ನೀರು ಕುಡಿದು ನುಂಗಬೇಕು.

ಊರಿಗೆ ಹೋಗದೆ ಇಲ್ಲಿಗೆ ಬಂದದ್ದು ಇದಕ್ಕೇ. ಹಳಿಯಾಳದ ಹತ್ತಿರದ ನಮ್ಮೂರಿನಲ್ಲಿ ಉಳವಪ್ಪ ಎಂಬ ನನ್ನ ಹೆಸರು ಪಂಚಾಯಿತಿಯ ಪುಸ್ತಕದಲ್ಲಿ ಮಾತ್ರ ಇದೆ. ಉಳಿದವರಿಗೆಲ್ಲ ನಾನು ರೇಡಿಯೋ ಕಾಕಾ. ಐದು ವರ್ಷದಿಂದ ವಾರಕ್ಕೆ ಮೂರು ಸಂಜೆ ಶಹರದ ರೇಡಿಯೋ ನಿಲಯಕ್ಕೆ ಹೋಗಿ, ಹಳ್ಳಿಗರ ಕಾರ್ಯಕ್ರಮದಲ್ಲಿ 'ಕಾಕಾ' ಆಗಿ ಬಿತ್ತನೆ, ದನ, ಗೊಬ್ಬರದ ಸುದ್ದಿಯನ್ನು ಹರಟೆಯ ಹಾಗೆ ಹೇಳುತ್ತ ಬಂದವನು. ನಾನು ಕಟ್ಟೆಗೆ ಕೂತರೆ ನಾಲ್ಕು ಮಂದಿ ಬಂದು ಮಾತಿಗೆಳೆಯುತ್ತಾರೆ. ನನ್ನ ಹೆಂಡತಿ ಗುರುಬಸವ್ವನೇ ಹೇಳಿದಳು: "ಊರಾಗಿದ್ರ ನೀವು ಬಾಯಿ ಮುಚ್ಚಾವ್ರಲ್ಲ. ದಾಂಡೇಲಿಗೆ ಹೋಗ್ರಿ. ಬಿತ್ತಗಿ ನಾ ನೋಡಕೋತೇನಿ."

ಅಕ್ಕ ಈರಕ್ಕ ಒಂದು ಪಾಟಿ, ಎರಡು ಬಳಪ ತಂದಿಟ್ಟಿದ್ದಾಳೆ. ಭಾವ ನಾಗಲಿಂಗಪ್ಪ ಕಾಗದದ ಕಾರ್ಖಾನೆಯಲ್ಲಿ ಬಿದಿರಿನ ರಾಶಿ ಲೆಕ್ಕ ಹಾಕುವವನು. ಅವನಿಗೆ ಚಿಕ್ಕಂದಿನಿಂದಲೂ ಕಿವಿ ಮಂದ. "ನನಗ ಕೇಳೂದಿಲ್ಲ, ನಿನಗ ಮಾತಿಲ್ಲ. ಜೋಡಿ ಚಲೋ ಆತು ನೋಡು!" ಎಂದು ಅವನು ಕೂಗಿದ್ದು ಆಚೆ ಓಣಿಗೂ ಕೇಳಿರಬೇಕು.

ಪಾಟಿಯ ಮೇಲೆ ಬರೆದದ್ದು ಒರೆಸಿದರೆ ಹೋಯಿತು. ಹೊಟ್ಟೆಯಲ್ಲಿ ಉಳಿದದ್ದಕ್ಕೆ ಈ ವಹಿ.

೧೭ ಜೂನ್

ಹಳ್ಳಿಗರ ಕಾರ್ಯಕ್ರಮ ನೋಡಿಕೊಳ್ಳುವ ಅಡಿವೆಯ್ಯನವರ ಕಾಗದ ಬಂತು. "ಆರಾಮ ಮಾಡಿರಿ. ಸದ್ಯಕ್ಕೆ ಬೇರೊಬ್ಬರನ್ನು ಕರೆದಿದ್ದೇವೆ. ಗುಣವಾದ ಮೇಲೆ ಬಂದು ಕಾಣಿರಿ."

ಒಳ್ಳೆಯ ಮನುಷ್ಯ, ಒಳ್ಳೆಯ ಮಾತಿನಲ್ಲೇ ಬರೆದಿದ್ದಾರೆ. ಆದರೆ 'ಬಂದು ಕಾಣಿರಿ' ಎಂದರೆ ಬಂದು ಕಾಣುವುದು ಅಷ್ಟೆ. ನಮ್ಮಂಥವರ ಕರಾರು ತಿಂಗಳು ತಿಂಗಳಿನದು. ಈ ತಿಂಗಳು ಬಂದವರ ಹೆಸರು ನೋಡಿ ಮುಂದಿನ ತಿಂಗಳಿನ ಯಾದಿ ಮಾಡುತ್ತಾರೆ. ಬಾರದವನ ಹೆಸರು ತಾನಾಗಿಯೇ ಬಿಟ್ಟುಹೋಗುತ್ತದೆ. ಯಾರೂ ತೆಗೆದುಹಾಕುವುದಿಲ್ಲ, ಅದಕ್ಕೇ ಯಾರ ಹತ್ತಿರ ಜಗಳ ಆಡಬೇಕೋ ತಿಳಿಯುವುದಿಲ್ಲ.

ಐದು ವರ್ಷ ನಾನೇ ಕಾಕಾ.

೨೫ ಜೂನ್

ಕಾರ್ಮಿಕರ ವಾಚನಾಲಯದಲ್ಲಿ ರೇಡಿಯೋ ಇದೆ. ಸಂಜೆ ಹೋಗಿ ಕೂತೆ. ಹೊಸ ಕಾಕಾನ ಹೆಸರು ಜೈರಾಮ. ಮುಂಡಗೋಡದ ಕಡೆ ಒಂದು ಲಂಬಾಣಿ ತಾಂಡೇದ ಶಾಲೆಯ ಮಾಸ್ತರನಂತೆ. ವಾಚನಾಲಯದ ಗುಮಾಸ್ತ ಕರಿಬಸಪ್ಪನಿಗೆ ಅದು ಹೇಗೋ ಗೊತ್ತಾಗಿದೆ.

ಪೆನ್ಸಿಲು ಹಿಡಿದು ಕೂತು ಹನ್ನೊಂದು ತಪ್ಪು ಎಣಿಸಿದೆ. ಹಾಳೆ ತಿರುವುವ ಸಪ್ಪಳ ಮೂರು ಸಲ. ಉಸಿರು ನುಂಗಿದ್ದು ಎರಡು ಸಲ. "ಹರಗುವುದು" ಎನ್ನಬೇಕಾದಲ್ಲಿ, ಕುಂಟೆ ಹೊಡೆಯುವುದಕ್ಕೆ ಪುಸ್ತಕದ ಮಾತು ಬಳಸಿದ. ನಗಬೇಕಾದಲ್ಲಿ ನಗಲಿಲ್ಲ, ನಗಬಾರದ ಕಡೆ ನಕ್ಕ.

ಕರಿಬಸಪ್ಪ, "ಹೊಸ ಕಾಕಾನೂ ಅಡ್ಡಿ ಇಲ್ಲಲ್ರಿ?" ಎಂದ. ಪಾಟಿ ಮನೆಯಲ್ಲೇ ಬಿಟ್ಟುಬಂದದ್ದು ಒಳ್ಳೆಯದಾಯಿತು.

೨ ಜುಲೈ

ಒಂದು ವಾರ ಕೇಳಿದ್ದನ್ನೆಲ್ಲ ಸೇರಿಸಿ ನಾಲ್ಕು ಪುಟದ ಕಾಗದ ಬರೆದು ಅಡಿವೆಯ್ಯನವರಿಗೆ ಹಾಕಿದೆ. ಎಲ್ಲೆಲ್ಲಿ ತಪ್ಪಿದ, ಹೇಗೆ ಹೇಳಬೇಕಿತ್ತು, ಎಲ್ಲಿ ತಡೆಯಬೇಕಿತ್ತು, ಮೈಕಿಗೆ ಎಷ್ಟು ದೂರ ಕೂರಬೇಕಿತ್ತು. ಕೇಳುಗರ ಹಿತಕ್ಕಾಗಿ ಬರೆದದ್ದು ಎಂದು ಕೊನೆಗೆ ಸೇರಿಸಿದೆ. ಅಂಚೆ ಡಬ್ಬಿಗೆ ಹಾಕಿದ ಮೇಲೆ ಎದೆ ಹಗುರಾಯಿತು.

ಈರಕ್ಕ ಮೆಣಸಿನ ಕಷಾಯ ಬೇಡವೆಂದು ಹಾಲಿಗೆ ಅರಿಶಿನ ಹಾಕಿ ಕೊಟ್ಟಳು. ದಿನಕ್ಕೆ ಐದು ಸಲ ಬೆಚ್ಚಗಿನ ನೀರು ಕೈಗೆ ಬರುತ್ತದೆ, ಕೇಳುವ ಮೊದಲೇ. ಕೇಳುವ ಹಾಗೂ ಇಲ್ಲವಲ್ಲ.

೧೪ ಜುಲೈ, ಭಾನುವಾರ

ಇದನ್ನು ಹೇಗೆ ಬರೆಯಲಿ?

ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ. ಮೂವತ್ತರ ಪ್ರಾಯ, ಬಿಳಿ ಅಂಗಿ, ಮಳೆಗೆ ತೊಯ್ದ ಚೀಲ. "ಉಳವಪ್ಪ ಕಾಕಾ ಇಲ್ಲೇ ಅದಾರೇನ್ರಿ? ನಾ ಜೈರಾಮ್ರಿ, ಮುಂಡಗೋಡದ ಕಡಿಂದ ಬಂದೇನಿ."

ಜಗಳಕ್ಕೆ ಬಂದ ಎಂದುಕೊಂಡೆ. ಅವನು ಚೀಲದಿಂದ ನನ್ನ ನಾಲ್ಕು ಪುಟದ ಕಾಗದವನ್ನೇ ತೆಗೆದ. ಅಡಿವೆಯ್ಯನವರು ಅದನ್ನು ಅವನ ಕೈಗೇ ಕೊಟ್ಟಿದ್ದಾರೆ! ಮಡಿಕೆಗಳು ಸವೆದಿದ್ದವು, ಒಂದೊಂದು ಸಾಲಿನ ಪಕ್ಕ ಅವನು ಸೀಸದಕಡ್ಡಿಯಿಂದ ಗುರುತು ಹಾಕಿಕೊಂಡಿದ್ದ.

"ಶಾಲಿಯೊಳಗ ನಾ ಹುಡುಗರಿಗೆ ತಿದ್ದತೇನ್ರಿ. ನನಗ ಯಾರೂ ಇಷ್ಟು ಸಾವಕಾಶ ಕೂತು ತಿದ್ದಿರಲಿಲ್ಲ. ಜಡ್ಡಿನಾಗೂ ನಾಲ್ಕು ಪುಟ ಬರದೀರಿ. ಉಪಕಾರ ಹೇಳೂಣು ಅಂತ ಬಂದೆ."

ಪಾಟಿ ತೆಗೆದುಕೊಂಡು "ಊಟ ಮಾಡು" ಎಂದಷ್ಟೇ ಬರೆದೆ.

ಊಟದ ಮೇಲೆ ಅವನು ಕೇಳಿದ: "ಹಾಳಿ ಸಪ್ಪಳ ಆಗದಂಗ ತಿರವೂದು ಹೆಂಗ್ರಿ ಕಾಕಾ? ಅದೊಂದು ನನಗ ತಿಳೀಲಿಲ್ಲ." ತೋರಿಸಿಕೊಟ್ಟೆ. ಒಂದೇ ಮಗ್ಗುಲಿಗೆ ಬರೆಯುವುದು, ಹಾಳೆ ಹೊಲಿಯದೆ ಬಿಡಿಯಾಗಿ ಇಡುವುದು, ಓದಿ ಮುಗಿದದ್ದನ್ನು ತಿರುವದೆ ಮೆಲ್ಲಗೆ ಪಕ್ಕಕ್ಕೆ ಸರಿಸುವುದು. ಇಪ್ಪತ್ತು ಸಲ ಮಾಡಿ ನೋಡಿದ. ನಾಗಲಿಂಗಪ್ಪ ಅಷ್ಟೂ ಹೊತ್ತು ಎದುರಿಗೆ ಕೂತು, "ನನಗಂತೂ ಏನೂ ಸಪ್ಪಳ ಕೇಳಲಿಲ್ಲಪಾ!" ಎಂದು ಕೂಗಿದ. ಜೈರಾಮ ಬಿದ್ದು ಬಿದ್ದು ನಕ್ಕ. ನನಗೆ ನಗಲೂ ಅಪ್ಪಣೆಯಿಲ್ಲ, ಹೊಟ್ಟೆ ಹಿಡಿದುಕೊಂಡೆ.

ಹೊರಡುವಾಗ, ಕಾರ್ಯಕ್ರಮ ಮುಗಿದ ಮೇಲೆ ಊರಿಗೆ ಹೇಗೆ ಹೋಗುತ್ತಿ ಎಂದು ಪಾಟಿಯಲ್ಲಿ ಕೇಳಿದೆ. ಮುಂಡಗೋಡದ ಕಡೆಯ ಬಸ್ಸು ಆರಕ್ಕೇ ಹೋಗುತ್ತದಂತೆ. ವಾರಕ್ಕೆ ಮೂರು ದಿನ ಅವನು ಮಲಗುವುದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ. ಮುಂಜಾನೆಯ ಮೊದಲ ಬಸ್ಸು ಹಿಡಿದು ನೇರ ಶಾಲೆಗೆ.

ನನಗೆ ಶಹರದಲ್ಲಿ ಸೋದರಮಾವನ ಮನೆಯಿದೆ. ಉಳಿದವರು ಎಲ್ಲಿ ಮಲಗುತ್ತಾರೆ ಎಂದು ಐದು ವರ್ಷದಲ್ಲಿ ಒಮ್ಮೆಯೂ ನಾನು ಕೇಳಿರಲಿಲ್ಲ.

೨೧ ಜುಲೈ, ಭಾನುವಾರ

ಜೈರಾಮ ಮತ್ತೆ ಬಂದಿದ್ದ. ಜತೆಗೆ ಹೊಳೆವ್ವ, ಸೊಂಟದ ಮೇಲೆ ಎಂಟು ತಿಂಗಳ ಕೂಸು. ಹಳಿಯಾಳದ ಆಚೆಯ ಹಳ್ಳಿಯವಳು; ಬೀಸುವ ಹಾಡು ಹಾಡಲು ನಿಲಯಕ್ಕೆ ಬರುತ್ತಿದ್ದಳು. ಅವಳ ಹಾಡು ಮುಗಿದ ಮೇಲೆಯೇ ನನ್ನ ಹರಟೆ. ಎಷ್ಟೋ ಸಲ ಸ್ಟುಡಿಯೋ ಬಾಗಿಲಲ್ಲಿ ಎದುರಾಗಿದ್ದೇವೆ. ಅವಳ ಹೆಸರು ನನಗೆ ಗೊತ್ತಾದದ್ದು ಇವತ್ತು.

"ಬಾಣಂತನ ಮುಗಿಸಿ ಹೋದ್ನಿರಿ. ಯಾದ್ಯಾಗ ಹೆಸರಿಲ್ಲ ಅಂದ್ರು. ಯಾರ ತಪ್ಪೂ ಅಲ್ಲಂತ. ಮತ್ತ ಧ್ವನಿ ಪರೀಕ್ಷೆಗೆ ಬಾ ಅಂದ್ರು. ಪರೀಕ್ಷೆ ಯಾವಾಗ ಅಂತ ಹಳ್ಯಾಗ ಕುಂತ ನನಗ ಹೆಂಗ ತಿಳೀಬೇಕ್ರಿ, ಕಾಕಾ?"

ಅವಳ ಕೂಸಿಗೆ ಈರಕ್ಕ ಹಾಲು ಕುಡಿಸಿದಳು. ಯಾದಿಯಿಂದ ಬಿಟ್ಟುಹೋದವನು ನಾನೊಬ್ಬನೇ ಎಂದು ಇಷ್ಟು ದಿನ ತಿಳಿದಿದ್ದೆ.

ಸಂಜೆ ಮೂವರೂ ಕೂತು ಒಂದು ವಿಚಾರ ಮಾಡಿದೆವು. ನಾವು ಮೈಕಿನ ಮುಂದೆ ಕೂರುವವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಒಬ್ಬರು ಹೊರಗೆ ಬಂದರೆ ಇನ್ನೊಬ್ಬರು ಒಳಗೆ. ಪರೀಕ್ಷೆ ಯಾವಾಗ, ಬಸ್ಸು ಯಾವಾಗ, ಉಳಿಯಲು ಎಲ್ಲಿ ಜಾಗವಿದೆ, ಯಾರಿಗೆ ಏನು ಕಷ್ಟ—ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳಿಸಿದರೆ? ಬರೆಯುವ ಕೆಲಸ ನನಗೆ ಬಂತು. ಸುಮ್ಮನಿರುವವನಿಗೆ ಬೇರೆ ಉದ್ಯೋಗವೇನು?

೨೫ ಜುಲೈ

ಹಾಳೆಗೆ 'ಮೈಕಿನ ಮಂದಿ' ಎಂದು ಹೆಸರಿಟ್ಟೆವು. ಕಾರ್ಬನ್ ಇಟ್ಟು ಬರೆದರೆ ಐದು ಪ್ರತಿ. ಐದನೆಯದು ಓದಲು ಬರುವುದಿಲ್ಲ. ಕರಿಬಸಪ್ಪ ಕಾರ್ಮಿಕ ಸಂಘದವರನ್ನು ಕೇಳಿ ಸೈಕ್ಲೋಸ್ಟೈಲ್ ಯಂತ್ರದ ಮೇಲೆ ಮೂವತ್ತು ಪ್ರತಿ ತೆಗೆದುಕೊಟ್ಟ. ಶಾಯಿ ಅವನ ಮೂಗಿನ ತುದಿಯವರೆಗೂ ಹತ್ತಿತ್ತು.

ಮೊದಲ ಸಂಚಿಕೆಯಲ್ಲಿ: ಆಗಸ್ಟಿನ ಧ್ವನಿ ಪರೀಕ್ಷೆಯ ದಿನ; ನಾಲ್ಕು ಊರಿನ ಕಡೆಯ ಬಸ್ಸಿನ ಹೊತ್ತು; ಶಹರದಲ್ಲಿ ನಮ್ಮ ಸೋದರಮಾವನ ಮನೆಯ ಪಡಸಾಲೆಯಲ್ಲಿ ಇಬ್ಬರು ಮಲಗಬಹುದೆಂಬ ಸುದ್ದಿ (ಮಾವ ಕಾಗದ ನೋಡಿ ಒಂದೇ ಸಾಲು ಬರೆದ: "ನೀ ಇಷ್ಟು ದಿನ ಯಾಕ ಹೇಳಲಿಲ್ಲ?"), ಹಾಳೆ ಸರಿಸುವ ರೀತಿ. ಹೊಳೆವ್ವನ ಒಂದು ಸಲಹೆಯೂ ಇದೆ: ಹೆಂಗಸರು ಮೈಕಿನ ಮುಂದೆ ಬಳೆ ತೆಗೆಯಬೇಕಿಲ್ಲ, ಸೆರಗನ್ನು ಬಳೆಗೆ ಸುತ್ತಿಕೊಂಡರೆ ಸಪ್ಪಳ ಬರುವುದಿಲ್ಲ. ಐದು ವರ್ಷ ಅಲ್ಲಿದ್ದು ನನಗಿದು ಗೊತ್ತಿರಲಿಲ್ಲ.

ಇವತ್ತು ಜೈರಾಮ ಓದಿದ್ದನ್ನು ಕೇಳಿದೆ. ಎಮ್ಮೆ ಈಯುವ ಹೊತ್ತಿನ ಬಗ್ಗೆ ಅವನ ತಾಂಡೇದ ಮುದುಕಿಯೊಬ್ಬಳ ಮಾತು ತಂದು ಹೇಳಿದ. ಇಡೀ ವಾಚನಾಲಯ ನಕ್ಕಿತು. ಪೆನ್ಸಿಲು ತರುವುದು ಮರೆತಿದ್ದೆ.

೩೦ ಜುಲೈ

ಅಂಚೆಯವ ಒಂದೇ ದಿನ ಏಳು ಕಾಗದ ತಂದ. ಕ್ಯಾಸಲ್‌ರಾಕಿನಿಂದ ಗೋದುಬಾಯಿ ಬರೆದಿದ್ದಾಳೆ. ರೈಲ್ವೆಯವನ ಹೆಂಡತಿ, ಹೆಣ್ಣುಮಕ್ಕಳ ಕಾರ್ಯಕ್ರಮದಲ್ಲಿ ಮಾತಾಡುವವಳು. "ಎರಡು ವರ್ಷದಿಂದ ಮಾತಾಡುತ್ತಿದ್ದೇನೆ. ನನ್ನ ಹೆಸರು ಒಮ್ಮೆಯೂ ರೇಡಿಯೋದಲ್ಲಿ ಬಂದಿಲ್ಲ. ಅದು ನೀನಲ್ಲ, ಬೇರೆ ಯಾರೋ ಎಂದು ನೆರೆಮನೆಯವರು ಹೇಳುತ್ತಾರೆ."

ಎಲ್ಲ ಕಾಗದಗಳಿಂದ ಮೂರು ಬೇಡಿಕೆ ತೆಗೆದೆವು. ಕಾಯಿಲೆಗೋ ಬಾಣಂತನಕ್ಕೋ ಹೋದವರ ಜಾಗವನ್ನು ಆರು ತಿಂಗಳು ಅವರಿಗೇ ಕಾದಿಡಬೇಕು. ಆ ತನಕ ಬಂದವರು ಬದಲಿ. ದೂರದವರು ಉಳಿಯಲು ಒಂದು ಕೋಣೆ ಬೇಕು. ಕಾರ್ಯಕ್ರಮದ ಕೊನೆಗೆ ಮಾತಾಡಿದವರ, ಹಾಡಿದವರ ಹೆಸರು ಹೇಳಬೇಕು.

ಅಡಿವೆಯ್ಯನವರು ಐದನೆಯ ತಾರೀಖು ಬನ್ನಿ ಎಂದಿದ್ದಾರೆ. "ಹಿಂಗ ಗುಂಪು ಕಟ್ಟಿಕೊಂಡು ಹೋದ್ರ ಮುಂದಿನ ತಿಂಗಳ ಕರಾರು ಬರತೈತೋ ಇಲ್ಲೋ?" ಎಂದು ಜೈರಾಮ ಕೇಳಿದ. ಬರದೇ ಇರಬಹುದು ಎಂದು ಬರೆದೆ. ಅವನು ಓದಿ, ಒರೆಸಿ, "ಹೋಗೂಣ್ರಿ" ಎಂದ.

೫ ಆಗಸ್ಟ್, ಸೋಮವಾರ

ಬಸ್ಸಿನಲ್ಲೇ ಬರೆಯಬೇಕೆನಿಸಿತ್ತು, ಅಕ್ಷರ ಕುಣಿಯಿತು. ಈಗ ಅಕ್ಕನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಾಲ್ವರು ಹೋದೆವು: ಹೊಳೆವ್ವ, ಗೋದುಬಾಯಿ, ಜೈರಾಮ, ನಾನು. ನಾನು ಬರೆದುಕೊಟ್ಟ ಮೂರು ಪುಟವನ್ನು ಜೈರಾಮ ಓದುವುದೆಂದು ಮಾತಾಗಿತ್ತು. ಚೆನ್ನಾಗಿಯೇ ಓದಿದ, ಹಾಳೆ ಒಂದಿಷ್ಟೂ ಸಪ್ಪಳ ಮಾಡಲಿಲ್ಲ.

ಅಡಿವೆಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದೆಲ್ಲಾ ಖರೆ ಐತಿ. ಆದ್ರ ನಾ ಮೇಲಿನವರಿಗೆ ಬರೀಬೇಕು. ಅವರು ಕೇಳ್ತಾರ: ಆರು ತಿಂಗಳು ಬಿಟ್ಟವರು ಮೊದಲಿನಂಗ ಮಾತಾಡ್ತಾರ, ಹಾಡ್ತಾರ ಅಂತ ಏನು ಖಾತ್ರಿ? ಕೇಳುಗರಿಗೆ ನಾವು ಏನು ಹೇಳೂಣು?"

ಇದಕ್ಕೆ ಉತ್ತರ ಹಾಳೆಯಲ್ಲಿರಲಿಲ್ಲ. ಜೈರಾಮ ಹಾಳೆ ಹುಡುಕತೊಡಗಿದ. ನನಗೆ ಉತ್ತರ ಗೊತ್ತಿತ್ತು, ಬಾಯಿಗೇ ಬಂದಿತ್ತು. ಡಾಕ್ಟರು ಹೇಳಿದ ಅವಧಿಗೆ ಇನ್ನು ಎಂಟೇ ದಿನ. ಒಂದು ಮಾತಿಗೆ ಏನಾಗುತ್ತದೆ ಎಂದು ಬಾಯಿ ತೆರೆದೆ.

ನನಗಿಂತ ಮೊದಲು ಹೊಳೆವ್ವ ಎದ್ದಳು. ಕೂಸನ್ನು ಗೋದುಬಾಯಿಯ ತೊಡೆಗೆ ಹಾಕಿದಳು.

"ನಾ ಕೂಸು ಹಡದೇನ್ರಿ, ದನಿ ಕಳಕೊಂಡಿಲ್ಲ. ಖಾತ್ರಿ ಬೇಕಂದ್ರ ಈಗ ಕೇಳ್ರಿ."

ಅಲ್ಲೇ ಹಾಡಿದಳು. ಕಚೇರಿಯ ಬಾಗಿಲು ತೆರೆದಿತ್ತು. ಹೊರಗಿನ ಪಡಸಾಲೆಯಲ್ಲಿ ಟಪಾಲು ಹಿಡಿದು ಹೋಗುತ್ತಿದ್ದ ಕಚೇರಿ ಸಿಪಾಯಿ ನಿಂತ. ಪಕ್ಕದ ಕೋಣೆಯ ಟೈಪು ಮಾಡುವ ಸದ್ದು ನಿಂತಿತು. ಎರಡು ನುಡಿ ಹಾಡಿ ಸುಮ್ಮನಾದಳು. "ನನ್ನ ದನಿ ಕೆಟ್ಟಿದ್ರ ಕೆಟ್ಟೈತಿ ಅನ್ರಿ, ನಾ ಮನಿಗೆ ಹೋಗ್ತೇನಿ. ಆದ್ರ ಕೇಳಿ ಅನ್ರಿ. ಕೇಳದನ ಯಾದಿ ಮಾಡಬ್ಯಾಡ್ರಿ."

ಅಡಿವೆಯ್ಯನವರು ಕನ್ನಡಕ ಹಾಕಿಕೊಂಡರು. ಆಮೇಲೆ, "ಈ ಮಾತು ನಾ ಇದ್ದಂಗ ಬರೀತೇನಿ" ಎಂದು ಅವಳ ಎದುರಿಗೇ ಬರೆದುಕೊಂಡರು.

ನಾನು ಆಡಬೇಕೆಂದಿದ್ದ ಮಾತು ಅವಳ ಮಾತಿನ ಕಾಲಧೂಳಿಗೂ ಸಮ ಇರಲಿಲ್ಲ. ನನ್ನ ಬಾಯಿ ಮುಚ್ಚಿಸಿದ ದೇವರಿಗೆ ಬಸ್ಸಿನುದ್ದಕ್ಕೂ ಕೈ ಮುಗಿದೆ.

೧೩ ಆಗಸ್ಟ್, ಮಿರಜ

ಡಾಕ್ಟರು ಕನ್ನಡಿ ಇಟ್ಟು ನೋಡಿದರು. ಗಾಯ ಮಾಯ್ದಿದೆ. ಒಂದರಿಂದ ಹತ್ತರವರೆಗೆ ಎಣಿಸು ಎಂದರು. ಎಣಿಸಿದೆ. 'ನಾಲ್ಕು' ಎನ್ನುವಷ್ಟರಲ್ಲಿ ನಿಲ್ಲಿಸಿ ಹಿಂದೆ ತಿರುಗಿ ನೋಡಿದೆ, ಇನ್ನಾರೋ ಎಣಿಸುತ್ತಿದ್ದಾರೋ ಎಂದು. ತಗ್ಗಿನ, ಒರಟು ಧ್ವನಿ. ಮೊದಲಿನದು ಬರುತ್ತದೆಯೇ ಎಂದು ಕೇಳಿದೆ. "ಇದೇ ನಿಮ್ಮ ಧ್ವನಿ. ಇದನ್ನೇ ಜೋಪಾನ ಮಾಡಿ" ಎಂದರು.

ಅತ್ತುಬಿಟ್ಟೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಿಲ್ಲ.

ಊರಲ್ಲಿ, ೨೦ ಆಗಸ್ಟ್

ದಾಂಡೇಲಿಯಿಂದ ಹೊರಡುವಾಗ ಈರಕ್ಕನ ಕಾಲಿಗೆ ಬಿದ್ದೆ. "ಎರಡು ತಿಂಗಳು ನನ್ನ ತಮ್ಮ ನನ್ನ ಮಾತು ಕೇಳಿದ. ಹುಟ್ಟಿದಾಗಿಂದ ಇದ ಮೊದಲ ಸಲ" ಎಂದು ನಕ್ಕಳು, ಕಣ್ಣು ಒರೆಸಿಕೊಂಡಳು.

ಮನೆಯ ಬಾಗಿಲಲ್ಲಿ ನಿಂತು "ಗುರುಬಸವ್ವಾ" ಎಂದೆ. ಅವಳು ಒಳಗಿನಿಂದಲೇ, "ಯಾರ್ರಿ ಅದು? ಮನಿಯವ್ರು ಇಲ್ಲ, ದಾಂಡೇಲಿಗೆ ಹೋಗ್ಯಾರ" ಎಂದಳು. ಇನ್ನೊಮ್ಮೆ ಕರೆದೆ. ಹೊರಗೆ ಬಂದು ನೋಡಿದಳು. ಒಂದು ಗಳಿಗೆ ಬಾಯಿಗೆ ಸೆರಗು ಹಿಡಿದು ನಿಂತಳು. ಆಮೇಲೆ ಚರಿಗೆಯಲ್ಲಿ ನೀರು ಕೊಟ್ಟು, "ಇರಲಿ ಬಿಡ್ರಿ. ನಿಮ್ಮ ಹಳೇ ದನಿ ಊರಿಗೆಲ್ಲಾ ಗೊತ್ತಿತ್ತು. ಇದು ಮೊದಲ ನನಗ ಕೇಳಿಸೇತಿ" ಎಂದಳು.

ಭತ್ತ ಚೆನ್ನಾಗಿ ಬಂದಿದೆ. ಒಬ್ಬಳೇ ಮಾಡಿಸಿದ್ದಾಳೆ.

೧೦ ಸೆಪ್ಟೆಂಬರ್

ನಿಲಯದ ಕಾಗದ ಬಂತು! ಜಾಗ ಆರು ತಿಂಗಳು ಕಾದಿಡುವುದಕ್ಕೆ ಒಪ್ಪಿಗೆ, ಹೆಸರು ಹೇಳುವುದಕ್ಕೂ ಒಪ್ಪಿಗೆ. ಎರಡೂ ಅಕ್ಟೋಬರ್ ಒಂದರಿಂದ. ಮಲಗುವ ಕೋಣೆ ಸದ್ಯಕ್ಕೆ ಇಲ್ಲ. ಆದರೆ ಹಾಡುವವರನ್ನು ಮಧ್ಯಾಹ್ನವೇ ಕರೆದು ಟೇಪಿನ ಮೇಲೆ ಹಾಡಿಸಿಕೊಂಡು, ಬೆಳಕಿರುವಾಗ ಬಸ್ಸಿಗೆ ಕಳಿಸುತ್ತಾರೆ. ಹೊಳೆವ್ವನಿಗೆ ಆರು ತಿಂಗಳ ಅವಧಿ ಮೀರಿದೆ. ಆದರೂ ಅವಳ ಅರ್ಜಿ ಈ ನಿಯಮದಲ್ಲೇ ನೋಡುತ್ತೇವೆ, ನವೆಂಬರಿನಲ್ಲಿ ತೀರ್ಮಾನ ಎಂದಿದ್ದಾರೆ.

'ಮೈಕಿನ ಮಂದಿ'ಯ ಮೂರನೆಯ ಸಂಚಿಕೆ ಬರೆಯಲು ಕೂತೆ. ಮೊದಲ ಸಾಲಿಗೇ ಒಂದು ಗಂಟೆ ಹಿಡಿಯಿತು. ಯಾರಿಗೆ ಮೊದಲು ವಂದನೆ ಹೇಳುವುದು? ಕಡೆಗೆ ಹದಿನಾಲ್ಕು ಹೆಸರು ಬರೆದೆ. ಶಾಯಿ ಹತ್ತಿದ ಮೂಗಿನ ಕರಿಬಸಪ್ಪನದೂ ಇತ್ತು.

೨೩ ಸೆಪ್ಟೆಂಬರ್, ಸೋಮವಾರ

ಧ್ವನಿ ಪರೀಕ್ಷೆಗೆ ಹೋಗಿದ್ದೆ. ಗಾಜಿನ ಆಚೆ ಅಡಿವೆಯ್ಯನವರು ಕಣ್ಣು ಮುಚ್ಚಿ ಕೇಳಿದರು. "ಇದು ಹಳೇ ಕಾಕಾ ಅಲ್ಲ. ಆದ್ರ ಮೈಕಿಗೆ ನಡೀತೈತಿ. ನಿಯಮದ ಪ್ರಕಾರ ಒಂದನೇ ತಾರೀಖಿನಿಂದ ಜಾಗಾ ನಿಮ್ದು. ಜೈರಾಮ ಬದಲಿ, ಮೂವತ್ತಕ್ಕೆ ಬಿಡ್ತಾನ."

ನನಗೆ ಅದು ಹೊಳೆದೇ ಇರಲಿಲ್ಲ. ಅಷ್ಟೆಲ್ಲ ಬರೆದೆ, 'ಬದಲಿ' ಎಂಬ ಮಾತನ್ನು ನನ್ನ ಕೈಯಾರೆ ಬರೆದೆ. ಆ ಬದಲಿಗೆ ಒಂದು ಮುಖ ಇದೆಯೆಂದು ಯೋಚಿಸಲಿಲ್ಲ.

ಜೈರಾಮ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತೆ. "ನಾ ಒಳಗ ಹೋಗಿ ಬ್ಯಾಡ ಅಂತ ಬರದು ಕೊಡತೇನಿ. ನೀನ ಇರು. ನಿನ್ನ ಮಾತು ಮಂದಿಗೆ ಹತ್ತೈತಿ. ನನಗ ಈ ದನಿಯಾಗ ಏನು ಹೇಳೂದೈತಿ?" ಎಂದೆ. ಮನಸಾರೆ ಎಂದೆ.

ಅವನು ಸಿಟ್ಟಾದ. ಅವನು ಸಿಟ್ಟಾದದ್ದನ್ನು ನಾನು ನೋಡಿದ್ದು ಇದೇ ಮೊದಲು.

"ಹಂಗ ಮಾಡಬ್ಯಾಡ್ರಿ ಕಾಕಾ. ಈ ನಿಯಮದಾಗ ಮೊದಲನೇ ಹೆಸರು ನಿಮ್ದು. ನೀವ ಜಾಗಾ ತಗೋಳಿಲ್ಲಂದ್ರ, ನವೆಂಬರಿನಾಗ ಹೊಳೆವ್ವ ಬಂದಾಗ ಏನಂತಾರ? ಉಳವಪ್ಪನ ತನ್ನ ಜಾಗಾ ಬಿಟ್ಟುಕೊಟ್ಟ, ನೀ ಯಾಕ ಹಟ ಮಾಡ್ತಿ ಅಂತಾರ. ಆವಾಗ ಆ ಕಾಗದಾ ಬರೇ ಕಾಗದಾ ಆಗತೈತಿ."

"ಮತ್ತ ನೀನು?"

"ನನಗೇನ್ರಿ? ಮುಂಜಾನಿ ಬಸ್ಸಿಗೆ ಓಡೂದು ತಪ್ಪತು." ನಕ್ಕ. ಆಮೇಲೆ ನೆಲ ನೋಡುತ್ತ, "ನನಗ ಅಲ್ಲಿ ಕೂಡೂದು ಭಾಳ ಸೇರತಿತ್ರಿ" ಎಂದ.

ಒಳಗೆ ಹೋಗಿ ಕರಾರಿಗೆ ಸಹಿ ಹಾಕಿದೆ. ಜೂನಿನಲ್ಲಿ ಈ ಸಹಿಗಾಗಿ ನಾನು ಏನು ಬೇಕಾದರೂ ಕೊಡುತ್ತಿದ್ದೆ. ಇವತ್ತು ಹಾಕಲು ಮನಸ್ಸಿರಲಿಲ್ಲ. ಆದರೂ ಹಾಕಿದೆ; ಜಾಗ ಬಿಟ್ಟುಕೊಟ್ಟವನು ಹೊರಗೆ ಬೆಂಚಿನ ಮೇಲೆ ಕೂತಿದ್ದ.

೧ ಅಕ್ಟೋಬರ್, ಮಂಗಳವಾರ

ಹೆಸರು ಹೇಳುವುದು ಇವತ್ತಿನಿಂದ ಶುರು. ಜೈರಾಮ ಬಿಟ್ಟದ್ದು ನಿನ್ನೆ. ಮೂರು ತಿಂಗಳು ಮಾತಾಡಿದವನ ಹೆಸರು ಒಂದು ಸಲವೂ ರೇಡಿಯೋದಲ್ಲಿ ಬರಲಿಲ್ಲ.

ಮಧ್ಯಾಹ್ನವೇ ಹೋಗಿ ಅಡಿವೆಯ್ಯನವರ ಮುಂದೆ ಒಂದು ಸಾಲು ಬರೆದಿಟ್ಟೆ. ಓದಿದರು, ಗಡಿಯಾರ ನೋಡಿದರು. ಗೊಬ್ಬರದ ಮಾತಿನಲ್ಲಿ ಎರಡು ಸಾಲು ಹೊಡೆದುಹಾಕಿ, "ಈಗ ಹಿಡಸ್ತೈತಿ" ಎಂದರು.

ಕೆಂಪು ದೀಪ ಹತ್ತಿತು. ಮೊದಲ ಹಾಳೆಯನ್ನು ಸಪ್ಪಳವಾಗದಂತೆ ಪಕ್ಕಕ್ಕೆ ಸರಿಸಿದೆ. ಆಮೇಲೆ ಹೇಗೋ ಸಾಗಿತು. ಈ ಧ್ವನಿಗೆ ಓಡಲು ಬರುವುದಿಲ್ಲ, ನಡೆಯಲು ಬರುತ್ತದೆ. ಕೊನೆಗೆ ಹಾಡಿದವರ ಹೆಸರು ಹೇಳಿದೆ, ನನ್ನ ಹೆಸರು ಹೇಳಿದೆ. ಆಮೇಲೆ: "ನನಗ ಜಡ್ಡಾದಾಗ ಈ ಜಾಗಾ ಕಾಯ್ದು, ನಿಮ್ಮ ಕೂಡ ಮಾತಾಡಿದವರು ಮುಂಡಗೋಡ ಕಡೆಯ ತಾಂಡೇದ ಜೈರಾಮ ಮಾಸ್ತರು. ಅವರು ಕಾಯ್ದು ಕೊಟ್ಟದ್ದಕ್ಕ ನಾ ಇವತ್ತ ಇಲ್ಲಿ ಕುಂತೇನಿ."

ದೀಪ ಆರಿತು.

೬ ಅಕ್ಟೋಬರ್, ಭಾನುವಾರ

ನಿನ್ನೆ ಜೈರಾಮನ ಕಾಗದ ಬಂತು. ಅಂದು ಸಂಜೆ ಪಂಚಾಯಿತಿಯ ರೇಡಿಯೋ ಮುಂದೆ ತಾಂಡೇದವರೆಲ್ಲ ಕೂತಿದ್ದರಂತೆ. ಅವನ ತಾಯಿ ಶಾಂತಿಬಾಯಿ ಎಲ್ಲರಿಗಿಂತ ಮುಂದೆ. ಹೊಸ ಧ್ವನಿ ಕೇಳಿ, "ಇವ್ಯಾರು?" ಎಂದು ಎಲ್ಲರೂ ಕೊನೆಯ ತನಕ ಗುಜುಗುಜು ಮಾಡಿದರಂತೆ. ಆ ಗದ್ದಲದಲ್ಲಿ ಮಗನ ಹೆಸರು ಬಂದಾಗ ಆಕೆಗೆ ಸರಿಯಾಗಿ ಕೇಳಿಸಲೇ ಇಲ್ಲವಂತೆ.

"ಇನ್ನೊಮ್ಮೆ ಅನ್ನಸು ಅಂತ ಅವ್ವ ಗಂಟು ಬಿದ್ದಾಳೆ. ರೇಡಿಯೋದವರು ಒಮ್ಮೆ ಅಂದದ್ದನ್ನು ಇನ್ನೊಮ್ಮೆ ಅನ್ನುವುದಿಲ್ಲ ಎಂದು ತಿಳಿಸಿ ಹೇಳಿದೆ. ನಂಬುವುದಿಲ್ಲ. ಮೂರು ದಿನದಿಂದ ಸಂಜೆಯಾದರೆ ರೇಡಿಯೋ ಮುಂದೆ ಹೋಗಿ ಕೂರುತ್ತಾಳೆ."

ಗುರುಬಸವ್ವನಿಗೆ ಓದಿ ಹೇಳಿದೆ. ಅವಳು ನಾಲ್ಕು ಸೇರು ಹೊಸ ಅವಲಕ್ಕಿ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಾಳೆ. ನಾಳೆ ಸೋಮವಾರ, ನನ್ನ ಪಾಳಿ ಇಲ್ಲ. ಮೊದಲ ಬಸ್ಸಿಗೆ ಮುಂಡಗೋಡಕ್ಕೆ ಹೋಗುತ್ತೇನೆ. ಆ ತಾಯಿಯ ಎದುರಿಗೆ ಕೂತು, ಆಕೆ ಸಾಕು ಎನ್ನುವ ತನಕ ಮಗನ ಹೆಸರಿನ ಆ ಸಾಲನ್ನು ಹೇಳಿ ಬರುತ್ತೇನೆ.